ವಸಂತದ ಕೊನೆಯಲ್ಲಿ ದಡ ಬಿಟ್ಟು ಹೋದ ಬಾಸ್ ಮೀನಿಗೆ ಯಾವ ಲ್ಯೂರ್?

ನಿಮ್ಮ ಪ್ರಶ್ನೆ ಓದಿ ನಗು ಬಂತು, ತಪ್ಪು ತಿಳಿಯಬೇಡಿ. ಇದು ನನ್ನದೇ ಹಳೇ ಗೋಳು. ಎರಡು ವಾರದ ಹಿಂದೆ ಕೆರೆಯ ದಡದಲ್ಲೇ ಒಂದಾದ ಮೇಲೊಂದು ಬಾಸ್ ಕಚ್ಚುತ್ತಿತ್ತು, ಈಗ ಅದೇ ಜಾಗದಲ್ಲಿ ಅದೇ ಲ್ಯೂರ್ (ಗಾಳಕ್ಕೆ ಕಟ್ಟುವ ನಕಲಿ ತುತ್ತು) ಎಸೆದರೆ ಒಂದೂ ಮುಟ್ಟುತ್ತಿಲ್ಲ, ಹೊಸದಾಗಿ ಯಾವುದು ಕೊಳ್ಳಲಿ ಅಂತ ಕೇಳಿದ್ದೀರಿ. ಸದ್ಯಕ್ಕೆ ಯಾವ ಲ್ಯೂರನ್ನೂ ಕೊಳ್ಳಬೇಡಿ. ಕೊಳ್ಳಲೇಬೇಕು ಅನಿಸಿದರೆ ಒಂದು ಥರ್ಮಾಮೀಟರ್ ಕೊಳ್ಳಿ.

ಏನಾಗಿದೆ ಅಂದರೆ, ಲಾರ್ಜ್‌ಮೌತ್ ಬಾಸ್, ಅಂದರೆ ದೊಡ್ಡ ಬಾಯಿಯ ಬಾಸ್, ಮೊಟ್ಟೆ ಇಡುವುದು ನೀರು ಸುಮಾರು 16ರಿಂದ 20 ಡಿಗ್ರಿ ಸೆಲ್ಸಿಯಸ್ ಆದಾಗ. ಅದಕ್ಕೆ ಆಳ ಬೇಕಿಲ್ಲ. ಅರ್ಧ ಮೀಟರಿನಿಂದ ಎರಡು ಮೀಟರ್ ನೀರು, ಕೆಳಗೆ ಸ್ವಲ್ಪ ಗಟ್ಟಿ ನೆಲ ಇದ್ದರೆ ಸಾಕು. ಗಂಡು ಬಾಲದಿಂದ ಹೂಳು ಗುಡಿಸಿ ತಟ್ಟೆಯಂಥ ಗೂಡು ಮಾಡುತ್ತದೆ. ಹೆಣ್ಣು ಬಂದು ಮೊಟ್ಟೆ ಇಟ್ಟು ಹೊರಟುಹೋಗುತ್ತದೆ. ಕಾವಲು ಕಾಯುವ ಕೆಲಸವೆಲ್ಲ ಗಂಡಿನ ಪಾಲಿಗೆ. ಅಂದರೆ ಎರಡು ವಾರದ ಹಿಂದೆ ನೀವು ಹಿಡಿದದ್ದರಲ್ಲಿ ಹೆಚ್ಚಿನವು ಹಸಿದ ಮೀನಲ್ಲ, ಸಿಟ್ಟಾದ ಮೀನು. ಗೂಡಿನ ಹತ್ತಿರ ಏನು ಬಿದ್ದರೂ ಅದು ಕಚ್ಚಿ ಆಚೆ ಹಾಕುತ್ತದೆ. ಆಗ ಕೆಲಸ ಮಾಡಿದ್ದು ನಿಮ್ಮ ಲ್ಯೂರ್ ಅಲ್ಲ, ಮೀನಿನ ಕೋಪ.

ಇಲ್ಲಿ ಒಂದು ಮಾತು ಹೇಳಲೇಬೇಕು. ಗೂಡಿನ ಮೇಲೆ ನಿಂತಿರುವ ಗಂಡನ್ನು ಹಿಡಿದು ಫೋಟೋ ತೆಗೆದು ಬಿಡುವಷ್ಟರಲ್ಲಿ ಸಣ್ಣ ಮೀನುಗಳು ಬಂದು ಮೊಟ್ಟೆ ತಿಂದುಬಿಡುತ್ತವೆ. ಕೆಲವು ಕಡೆ ಆ ಅವಧಿಯಲ್ಲಿ ಬಾಸ್ ಹಿಡಿಯುವುದೇ ನಿಷಿದ್ಧ. ನಿಮ್ಮ ಕೆರೆಯ ನಿಯಮ ಒಮ್ಮೆ ನೋಡಿಕೊಳ್ಳಿ. ನಾನಂತೂ ಗೂಡು ಕಣ್ಣಿಗೆ ಬಿದ್ದರೆ ಮುಂದಕ್ಕೆ ಹೋಗುತ್ತೇನೆ.

ಈಗ ಮೀನು ಎಲ್ಲಿದೆ? ಕೆರೆ ಬಿಟ್ಟು ಎಲ್ಲಿ ಹೋಗುತ್ತದೆ ಹೇಳಿ! ಮೊಟ್ಟೆ ಇಟ್ಟ ಹೆಣ್ಣುಗಳು ದಣಿದಿರುತ್ತವೆ. ದಡದ ತೆಳು ನೀರಿನಿಂದ ಹಿಂದೆ ಸರಿದು ನೆಲ ಮೊದಲ ಸಲ ಇಳಿಜಾರಾಗುವ ಕಡೆ ಹೋಗಿ ನಿಲ್ಲುತ್ತವೆ. ನೀರುಗಿಡಗಳು ಮುಗಿಯುವ ಅಂಚು, ಮುಳುಗಿದ ಮರ, ದೋಣಿ ಕಟ್ಟುವ ಕಟ್ಟೆಯ ನೆರಳು, ಇಂಥ ಕಡೆ. ಗಂಡುಗಳು ಇನ್ನೂ ಕೆಲವು ದಿನ ದಡದ ಹತ್ತಿರವೇ ಮರಿಗಳ ಜೊತೆ ತಿರುಗುತ್ತವೆ. ಜೊಂಡಿನ ಪಕ್ಕ ನೀರಲ್ಲಿ ಕಪ್ಪು ಮೋಡದ ಥರ ಏನಾದರೂ ಮೆಲ್ಲಗೆ ಸರಿದಾಡುತ್ತಿದ್ದರೆ ಅದೇ ಮರಿಗಳ ಹಿಂಡು. ಅಪ್ಪ ಕೆಳಗೇ ಎಲ್ಲೋ ಇರುತ್ತಾನೆ. ನೀರು ಇನ್ನೂ ಬಿಸಿಯಾಗಿ 20 ಡಿಗ್ರಿ ದಾಟಿತು ಅಂದರೆ ಬ್ಲೂಗಿಲ್ ಅನ್ನುವ, ಬಾಸ್ ತಿನ್ನುವ ಸಣ್ಣ ಮೀನುಗಳು ಗೂಡು ಮಾಡಲು ಶುರು ಮಾಡುತ್ತವೆ, ಒಂದೇ ಕಡೆ ಹತ್ತಾರು ಗುಂಡಿಗಳು. ಅಷ್ಟು ಹೊತ್ತಿಗೆ ಬಾಸ್‌ಗೆ ಹಸಿವು ಮರಳಿರುತ್ತದೆ. ಆ ಗುಂಡಿಗಳ ಆಳದ ಬದಿಯಲ್ಲಿ ಅದು ಹೊಂಚು ಹಾಕಿ ಕೂರುತ್ತದೆ.

ಥರ್ಮಾಮೀಟರ್ ಬೇಕು ಅಂದದ್ದು ಇದಕ್ಕೇ. ಕ್ಯಾಲೆಂಡರ್ ನೋಡಿದರೆ ಪ್ರಯೋಜನವಿಲ್ಲ. ಒಂದೇ ಕೆರೆಯಲ್ಲಿ ಬಿಸಿಲು ಬೀಳುವ ತೆಳು ನೀರಿನ ಮೂಲೆಗೂ ನೆರಳಿನ ಆಳದ ಬದಿಗೂ ಮೂರು ನಾಲ್ಕು ಡಿಗ್ರಿ ವ್ಯತ್ಯಾಸ ಇರಬಹುದು. ಒಂದು ಮೂಲೆಯಲ್ಲಿ ಎಲ್ಲ ಮುಗಿದಿರುತ್ತದೆ, ಇನ್ನೊಂದರಲ್ಲಿ ಇನ್ನೂ ಗೂಡು ಕಟ್ಟುತ್ತಿರುತ್ತವೆ. ಮೇಲ್ಮೈಯಲ್ಲಿ ಮಾತ್ರ ಅಳೆದರೂ ಮೋಸ ಹೋಗುತ್ತೀರಿ. ನೀರು ಅತಿ ಭಾರ ಇರುವುದು 4 ಡಿಗ್ರಿಯಲ್ಲಿ. ಅದಕ್ಕಿಂತ ಬಿಸಿಯಾದಷ್ಟೂ ಹಗುರಾಗಿ ಮೇಲೆ ತೇಲುತ್ತದೆ. ವಸಂತದ ಕೊನೆಗೆ ಆಳದ ಕೆರೆಗಳಲ್ಲಿ ಮೇಲೆ ಬೆಚ್ಚಗೆ, ಕೆಳಗೆ ತಣ್ಣಗೆ, ಹೀಗೆ ಪದರ ಬೀಳಲು ಶುರುವಾಗಿರುತ್ತದೆ. ನಾನು ಥರ್ಮಾಮೀಟರನ್ನು ದಾರಕ್ಕೆ ಕಟ್ಟಿ ಮೂರು ಮೀಟರ್ ಇಳಿಸಿ, ಎರಡು ನಿಮಿಷ ಬಿಟ್ಟು, ಸರಕ್ಕನೆ ಎಳೆದು ನೋಡುತ್ತೇನೆ. ಪ್ರಯೋಗಾಲಯದ ಅಳತೆಯಲ್ಲ, ಆದರೆ ಅಂದಾಜಿಗೆ ಧಾರಾಳ ಸಾಕು.

ಈಗ ಲ್ಯೂರ್ ವಿಷಯ. ಒಂದೇ ಒಂದು ಇಟ್ಟುಕೊಳ್ಳಿ ಅಂದರೆ ನಾನು ಮೆತ್ತನೆ ಪ್ಲಾಸ್ಟಿಕ್ ಹುಳ ಇಟ್ಟುಕೊಳ್ಳುತ್ತೇನೆ. ಬೆರಳು ದಪ್ಪದ, 12–13 ಸೆಂಟಿಮೀಟರ್ ಉದ್ದದ, ಯಾವ ಬಾಲವೂ ರೆಕ್ಕೆಯೂ ಇಲ್ಲದ ಸಾದಾ ಕಡ್ಡಿ. ಅದರ ನಡುವಿಗೆ ಅಡ್ಡಲಾಗಿ ಗಾಳ ಚುಚ್ಚಿ. ಇದಕ್ಕೆ ವ್ಯಾಕಿ ರಿಗ್ ಅನ್ನುತ್ತಾರೆ. ತೂಕ ಬೇಡ. ನಡುವಿಗೆ ಒಂದು ಸಣ್ಣ ರಬ್ಬರ್ ಉಂಗುರ ಹಾಕಿ ಅದರೊಳಗೆ ಗಾಳ ತೂರಿಸಿದರೆ ಹುಳ ಬೇಗ ಹರಿಯುವುದಿಲ್ಲ. ಎಸೆದ ಮೇಲೆ ನಿಮ್ಮ ಕೆಲಸ ಸುಮ್ನೆ ಇರುವುದು. ಹುಳ ನಿಧಾನಕ್ಕೆ ಇಳಿಯುತ್ತಾ ಎರಡೂ ತುದಿ ನಡುಗಿಸುತ್ತದೆ. ದಣಿದ ಹೆಣ್ಣು ಬೆನ್ನಟ್ಟಿಕೊಂಡು ಬರುವುದಿಲ್ಲ, ಆದರೆ ಮೂತಿಯ ಮುಂದೆ ಇಳಿದ ತುತ್ತನ್ನು ಬಿಡುವುದೂ ಕಷ್ಟ. ನೆಲ ಮುಟ್ಟಿದ ಮೇಲೆ ಹತ್ತು ಎಣಿಸಿ, ಒಮ್ಮೆ ಎತ್ತಿ, ಮತ್ತೆ ಬಿಡಿ.

ಕಚ್ಚಿದ್ದು ಕೈಗೆ ಗೊತ್ತಾಗುತ್ತದೆ ಅಂತ ಕಾಯಬೇಡಿ. ದಾರ ನೋಡುತ್ತಿರಿ. ನೀರಿಗೆ ಇಳಿಯುವ ಜಾಗದಲ್ಲಿ ದಾರ ಒಂದು ಸಣ್ಣ ಜಿಗಿತ ಹಾಕುತ್ತದೆ, ಇಲ್ಲವೇ ಪಕ್ಕಕ್ಕೆ ಸರಿಯುತ್ತದೆ. ನನಗೆ ಇದು ತಲೆಗೆ ಹತ್ತಲು ಪೂರ್ತಿ ಒಂದು ವಸಂತ ಬೇಕಾಯಿತು. ಆ ವರ್ಷ ನನ್ನ ಪೆಟ್ಟಿಗೆಯಲ್ಲಿ ಮೂವತ್ತಕ್ಕೂ ಜಾಸ್ತಿ ಲ್ಯೂರ್ ಇದ್ದವು. ಹತ್ತು ನಿಮಿಷಕ್ಕೊಂದು ಬದಲಾಯಿಸುತ್ತಿದ್ದೆ. ಪಕ್ಕದಲ್ಲಿ ಕೂತ ಗೆಳೆಯ ಒಂದೇ ಹುಳ ಹಾಕಿಕೊಂಡು, ಟೀ ಕುಡಿಯುತ್ತಾ, ನಾಲ್ಕು ಮೀನು ಎತ್ತಿದ. ನನ್ನ ಗಾಳ ನೀರಲ್ಲಿ ಇದ್ದ ಸಮಯಕ್ಕಿಂತ ನನ್ನ ಕೈಯಲ್ಲಿ ಇದ್ದ ಸಮಯವೇ ಹೆಚ್ಚು ಅಂತ ಅವನು ಹೇಳಿದಾಗಲೇ ನನಗೆ ಹೊಳೆದದ್ದು.

ಬೆಳಕು ಹರಿಯುವ ಹೊತ್ತು ಮತ್ತು ಸಂಜೆ ಮಾತ್ರ ನಾನು ಹುಳ ಬಿಟ್ಟು ಪಾಪರ್ ಕಟ್ಟುತ್ತೇನೆ. ನೀರಿನ ಮೇಲೆ ತೇಲಿಕೊಂಡು, ಎಳೆದಾಗ ಗುಳುಕ್ ಅನ್ನುವ ಲ್ಯೂರ್ ಅದು. ಮರಿಗಳ ಮೋಡದ ಪಕ್ಕ ಅದು ಸದ್ದು ಮಾಡಿದರೆ ಅಪ್ಪನಿಗೆ ಸಹಿಸಲು ಆಗುವುದಿಲ್ಲ. ಆದರೆ ಮರಿಗಳು ಬಟಾಣಿಗಿಂತ ಸಣ್ಣದಿದ್ದರೆ ಅವನನ್ನೂ ಬಿಟ್ಟುಬಿಡಿ. ಬ್ಲೂಗಿಲ್ ಗುಂಡಿಗಳ ಅಂಚಿನಲ್ಲಿ ಎಸೆಯಿರಿ, ಅಲ್ಲಿ ಸಿಗುವುದು ದೊಡ್ಡದೇ. ನೀರು ಚಿಮ್ಮಿದ ಕೂಡಲೇ ರಾಡ್ ಎಳೆಯಬೇಡಿ. ಎಲ್ಲರೂ ಮಾಡುವ ತಪ್ಪು ಅದು, ನಾನು ಇವತ್ತಿಗೂ ಮಾಡುತ್ತೇನೆ. ಮೀನಿನ ಭಾರ ಕೈಗೆ ಬಂದ ಮೇಲೆ ಎಳೆಯಿರಿ.

ಗಾಳಿ ಬಂದರೆ ಜನ ಮನೆಗೆ ಹೊರಡುತ್ತಾರೆ. ನನಗೆ ಆಗಲೇ ಖುಷಿ. ಗಾಳಿ ಬೆಚ್ಚನೆ ಮೇಲ್ನೀರನ್ನೂ ಅದರ ಜೊತೆ ಸೂಕ್ಷ್ಮ ಜೀವಿಗಳನ್ನೂ ಎದುರು ದಡಕ್ಕೆ ತಳ್ಳುತ್ತದೆ. ಅವುಗಳ ಹಿಂದೆ ಸಣ್ಣ ಮೀನು, ಸಣ್ಣ ಮೀನಿನ ಹಿಂದೆ ಬಾಸ್. ಅಲೆ ಎದ್ದ ನೀರಲ್ಲಿ ಬೆಳಕು ಒಡೆದು ಹೋಗುವುದರಿಂದ ಮೀನಿಗೆ ಲ್ಯೂರನ್ನು ಪರೀಕ್ಷೆ ಮಾಡಿ ನೋಡಲು ಆಗುವುದಿಲ್ಲ. ಅಲೆ ಬಂದು ಬಡಿಯುವ ದಡದಲ್ಲಿ ನಿಂತು 10 ಗ್ರಾಂ ಆಸುಪಾಸಿನ ಸ್ಪಿನ್ನರ್‌ಬೈಟ್ ಎಸೆಯಿರಿ, ಎಳೆದಾಗ ತಗಡು ಗಿರಗಿರ ತಿರುಗುವ ಲ್ಯೂರ್ ಅದು. ತಿಳಿ ನೀರಾದರೆ ಉದ್ದ ಎಲೆಯಂಥ ತಗಡು ಇರುವುದು, ಅದು ಜಾಸ್ತಿ ಮಿಂಚುತ್ತದೆ. ರಾಡಿ ನೀರಾದರೆ ಗುಂಡು ತಗಡು, ಅದು ಜಾಸ್ತಿ ಅದುರುತ್ತದೆ. ಮೀನಿನ ಮೈಪಕ್ಕದಲ್ಲಿ ಉದ್ದಕ್ಕೆ ಒಂದು ಗೆರೆ ಇರುತ್ತದೆ, ನೋಡಿದ್ದೀರಲ್ವಾ? ಆ ಅದುರು ಅದಕ್ಕೆ ತಿಳಿಯುವುದು ಅಲ್ಲಿಂದ.

ಬಣ್ಣದ ಬಗ್ಗೆ ಜನ ಗಂಟೆಗಟ್ಟಲೆ ಜಗಳ ಆಡುತ್ತಾರೆ. ನನ್ನ ಲೆಕ್ಕ ಸರಳ. ಬಿಳಿ ಲ್ಯೂರನ್ನು ನೀರಿಗೆ ಇಳಿಸುತ್ತಾ ಹೋಗಿ, ಎಲ್ಲಿ ಕಾಣದಾಗುತ್ತದೆ ನೋಡಿ. ಅರ್ಧ ಮೀಟರಿನೊಳಗೇ ಮಾಯವಾದರೆ ಕಪ್ಪು–ನೀಲಿ, ಇಲ್ಲವೇ ಕಣ್ಣಿಗೆ ಹೊಡೆಯುವ ಹಳದಿ–ಹಸಿರು. ಒಂದೂವರೆ ಮೀಟರ್ ದಾಟಿದರೆ ಮಂಕು ಹಸಿರು, ಕಂದು. ನಡುವೆ ಇದ್ದರೆ ಕೈಗೆ ಸಿಕ್ಕಿದ್ದು. ಈ ಉಪಾಯ ನನ್ನದಲ್ಲ ಬಿಡಿ. ಏಂಜೆಲೋ ಸೆಕ್ಕಿ ಅನ್ನುವ ಇಟಲಿಯ ಪಾದ್ರಿ 1865ರಲ್ಲಿ ಬಿಳಿ ತಟ್ಟೆ ಇಳಿಸಿ ಸಮುದ್ರದ ತಿಳಿ ಅಳೆದಿದ್ದ. ಕೆರೆ ನೀರಿನ ತಿಳಿ ಅಳೆಯುವವರು ಇವತ್ತಿಗೂ ಅಂಥ ತಟ್ಟೆಯನ್ನೇ ಬಳಸುತ್ತಾರೆ, ಹೆಚ್ಚಾಗಿ ಕಪ್ಪು–ಬಿಳುಪಿನದು.

ಇನ್ನು ನೀವು ಹೋದ ದಿನದ ಹವೆ ಹೇಗಿತ್ತು ಅಂತ ಬರೆದಿಲ್ಲ. ಹಿಂದಿನ ದಿನ ಮಳೆ ಬಂದು, ಮರುದಿನ ಆಕಾಶ ತೊಳೆದಂತೆ ನೀಲಿಯಾಗಿ ತಣ್ಣನೆ ಗಾಳಿ ಬೀಸಿತ್ತಾ? ಹಾಗಿದ್ದರೆ ತಪ್ಪು ನಿಮ್ಮದಲ್ಲ. ಅಂಥ ದಿನ ಮೀನು ಗಿಡದ ಸಂದಿಗೆ ಸೇರಿಕೊಂಡು ಬಾಯಿ ಬಿಡುವುದೇ ಇಲ್ಲ. ಆಗ ಇನ್ನೂ ಸಣ್ಣ ಹುಳ, ಇನ್ನೂ ನಿಧಾನ, ಗಿಡಕ್ಕೆ ತಾಗುವಷ್ಟು ಹತ್ತಿರ. ಮಧ್ಯಾಹ್ನ ನೀರು ಸ್ವಲ್ಪ ಬಿಸಿಯಾದ ಮೇಲೆ ಹೋದರೂ ನಷ್ಟವಿಲ್ಲ.

ದಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹುಳಕ್ಕೆ ಫ್ಲೋರೋಕಾರ್ಬನ್, ಅದು ಮುಳುಗುತ್ತದೆ, ನೀರಲ್ಲಿ ಅಷ್ಟಾಗಿ ಕಾಣುವುದಿಲ್ಲ. ಪಾಪರ್‌ಗೆ ಅದನ್ನೇ ಕಟ್ಟಿದರೆ ಮೂತಿ ಕೆಳಗೆ ಎಳೆಯುತ್ತದೆ, ಅಲ್ಲಿ ನೈಲಾನ್ ದಾರ ಒಳ್ಳೆಯದು. ಮೂರು ಮುಳ್ಳಿನ ಗಾಳ ಇದ್ದರೆ ಅದರ ಹಿಮ್ಮುಳ್ಳನ್ನು ಇಕ್ಕಳದಿಂದ ಅದುಮಿಬಿಡಿ. ಮೀನು ಬಿಡಿಸುವುದು ಸುಲಭ, ನಿಮ್ಮ ಬೆರಳು ಬಿಡಿಸುವುದೂ ಸುಲಭ. ನನ್ನ ಹೆಬ್ಬೆರಳಲ್ಲಿ ಇನ್ನೂ ಗುರುತು ಇದೆ.

ನಿಮ್ಮ ಕೆರೆಯಲ್ಲಿ ಟ್ರೌಟ್ ಕೂಡ ಇದ್ದರೆ ಅದರ ದಾರಿಯೇ ಬೇರೆ. ಅದಕ್ಕೆ ತಂಪು ಬೇಕು. ಮೇಲೆ ಬಿಸಿಯಾದಷ್ಟೂ ಅದು ಆಳಕ್ಕೆ ಇಳಿಯುತ್ತದೆ. ನೀರು 20 ಡಿಗ್ರಿ ಮುಟ್ಟಿದ ಮೇಲೆ ಹಿಡಿದು ಬಿಟ್ಟರೂ ಬದುಕುವುದು ಕಷ್ಟ. ಆ ದಿನಗಳಲ್ಲಿ ಅದರ ತಂಟೆಗೆ ಹೋಗಬೇಡಿ.

ಮುಂದಿನ ಸಲ ಹೋದಾಗ ದಡದ ಹತ್ತಿರ ಮತ್ತು ಮೂರು ಮೀಟರ್ ಆಳದಲ್ಲಿ ಎಷ್ಟು ಡಿಗ್ರಿ, ಬಿಳಿ ಲ್ಯೂರ್ ಎಲ್ಲಿ ಮಾಯವಾಯಿತು, ಗಿಡಗಳ ಅಂಚು ದಡದಿಂದ ಎಷ್ಟು ದೂರ, ಇಷ್ಟು ಕಾಮೆಂಟಲ್ಲಿ ಬರೆಯಿರಿ. ದೋಣಿ ಇದೆಯೋ ಇಲ್ಲವೋ ಅದನ್ನೂ ಹೇಳಿ. ದಡದಿಂದ ಎಸೆದರೆ ಆ ಅಂಚು ಸಿಗದಷ್ಟು ದೂರ ಇದ್ದರೆ ಹುಳಕ್ಕೆ ಭಾರ ಬರಲು ಮೊಳೆಯಂಥ ಒಂದು ಸಣ್ಣ ಸೀಸದ ತುಂಡು ಚುಚ್ಚಬೇಕಾಗುತ್ತದೆ, ಅದು ಹೇಗೆ ಅಂತ ಆಮೇಲೆ ಹೇಳುತ್ತೇನೆ.