ತೋಟ ಸೊರಗಿದಾಗ ದೇವರು ಕೈಬಿಟ್ಟನೇ?

ಪ್ರಶ್ನೆ: ಎಲೆಚುಕ್ಕಿ ರೋಗದಿಂದ ಸೊರಗಿದ್ದ ನಮ್ಮ ಅಡಿಕೆ ತೋಟದಲ್ಲಿ ಕಳೆದ ಮಳೆಗಾಲದ ಕೊಳೆರೋಗ ಅರ್ಧ ಫಸಲನ್ನು ಉದುರಿಸಿತು. ಅದೇ ಹೊತ್ತಿಗೆ ಪತಿ ಹಾಸಿಗೆ ಹಿಡಿದರು, ಸೊಸೈಟಿಯ ಸಾಲ ಹಾಗೆಯೇ ಉಳಿಯಿತು. ಚೌಡಮ್ಮನಿಗೆ ಒಂದು ವರ್ಷ ಪೂಜೆ ತಪ್ಪಿದ್ದೇ ಕಾರಣವೆಂದು ಬಂಧುಗಳು ಹೇಳುತ್ತಾರೆ. ಒಳ್ಳೆಯ ದರ ಸಿಕ್ಕ ವರ್ಷಗಳಲ್ಲಿ ದೇವರು ನಮ್ಮ ಜೊತೆಗಿದ್ದಾನೆ ಎನಿಸುತ್ತಿತ್ತು. ಈಗ ಸಂಜೆ ದೀಪ ಹಚ್ಚುವುದಕ್ಕೂ ಮನಸ್ಸಾಗುವುದಿಲ್ಲ. ಅವನು ನಮ್ಮನ್ನು ಕೈಬಿಟ್ಟನೇ?
— ಓದುಗರೊಬ್ಬರು, ಹೊಸನಗರ ತಾಲ್ಲೂಕು

ಉತ್ತರ: ಇಲ್ಲ ತಾಯಿ, ಕೈಬಿಟ್ಟಿಲ್ಲ. ಬಂಧುಗಳ ಮಾತನ್ನು ಮೊದಲು ಮನಸ್ಸಿನಿಂದ ತೆಗೆದುಹಾಕಿ. ಬಿಡುವಿಲ್ಲದೆ ಸುರಿಯುವ ಮಳೆಯಲ್ಲಿ ಹಬ್ಬುವ ರೋಗಾಣುವಿನಿಂದ ಕೊಳೆ ಬರುತ್ತದೆ. ಒಂದು ವರ್ಷವೂ ಪೂಜೆ ತಪ್ಪಿಸದವರ ತೋಟದಲ್ಲಿಯೂ ಅದು ಕಾಯಿ ಉದುರಿಸಿದ್ದನ್ನು ನೀವೇ ಕಂಡಿರುತ್ತೀರಿ. ಪೂಜೆ ತಪ್ಪಿತೆಂದು ಮಕ್ಕಳ ಅನ್ನ ಕಸಿಯುವವಳಾಗಿದ್ದರೆ ಚೌಡಿಯನ್ನು ನಮ್ಮ ಹಿರಿಯರು ಅಮ್ಮ ಎಂದು ಕರೆಯುತ್ತಿರಲಿಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಒಳ್ಳೆಯ ದರದ ಮಾತು. ಅಡಿಕೆಯ ದರದಿಂದ ದೇವರ ಒಲವನ್ನು ಅಳೆಯುತ್ತ ಬಂದರೆ, ದರ ಬಿದ್ದ ದಿನ ಅವನ ಒಲವೂ ಬಿದ್ದಂತೆಯೇ ತೋರುತ್ತದೆ. ತುಂಗೆ ಉಕ್ಕಿ ಹರಿದಾಗ ಶಿವಮೊಗ್ಗದ ಜನ ಹೊಳೆಯೊಳಗಿನ ಕಲ್ಲಿನ ಮಂಟಪ ಮುಳುಗಿತೇ ಎಂದು ನೋಡಲು ಹೋಗುತ್ತಾರೆ. ಮುಳುಗಿದ ದಿನ ಕಾಣುವುದು ಕೆಂಪು ನೀರು ಮಾತ್ರ, ಆದರೂ ಮಂಟಪ ಎಲ್ಲಿಯೋ ಹೋಯಿತೆಂದು ಯಾರೂ ಹೇಳುವುದಿಲ್ಲ.

ನಮ್ಮ ಜಿಲ್ಲೆಯವಳೇ ಆದ ಅಕ್ಕಮಹಾದೇವಿಯನ್ನು ನೆನೆಯಿರಿ. 12ನೇ ಶತಮಾನದಲ್ಲಿ ಶಿಕಾರಿಪುರ ಸೀಮೆಯ ಉಡುತಡಿಯನ್ನು ತೊರೆದು, ಆಸರೆಯಿಲ್ಲದೆ ಕಲ್ಯಾಣದ ದಾರಿ ಹಿಡಿದ ಆ ಹೆಣ್ಣುಮಗಳು, ಹಸಿದರೆ ಊರಿನ ಭಿಕ್ಷೆ, ಬಾಯಾರಿದರೆ ಕೆರೆಬಾವಿಯ ನೀರು, ಮಲಗಲು ಹಾಳು ದೇಗುಲ, ಜೀವಕ್ಕೆ ಜೊತೆಯಾಗಿ ಚೆನ್ನಮಲ್ಲಿಕಾರ್ಜುನ ಎಂದು ತನಗಿರುವುದನ್ನು ವಚನವೊಂದರಲ್ಲಿ ಎಣಿಸಿದ್ದಾಳೆ. ಹಸಿವೇ ಬಾರದೆಂದು ಆಕೆ ಹೇಳಲಿಲ್ಲ. ಹಸಿವಿನ ನಡುವೆಯೂ ಜೊತೆಗಿರುವವನನ್ನು ನಂಬಿದಳು. ನಾನು ಇದಕ್ಕಿಂತ ಗಟ್ಟಿಯಾದ ನಂಬಿಕೆಯನ್ನು ಬೇರೆಲ್ಲಿಯೂ ಕಂಡಿಲ್ಲ.

ಹೀಗೆ ನಂಬಿದವರು ಮಾಡಬೇಕಾದ ಕೆಲಸವನ್ನು ಬಿಡುವುದಿಲ್ಲ. ಮುಂಗಾರು ಬಲಗೊಳ್ಳುವ ಮೊದಲೇ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣದ ಲೆಕ್ಕದಲ್ಲಿ ಕೊಳೆ ತಡೆಯುವ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಹೊಡೆಸಿ. ಸಾಲದ ವಿಷಯವನ್ನು ಸೊಸೈಟಿಯವರೊಡನೆ ಮುಚ್ಚುಮರೆಯಿಲ್ಲದೆ ಮಾತನಾಡಿ. ಹರಕೆ ಹೊತ್ತಿದ್ದೇವೆಂದು ಪತಿಯ ಔಷಧಿಯನ್ನು ಎಂದಿಗೂ ನಿಲ್ಲಿಸಬೇಡಿ. ನೆರೆಮನೆಯವರು ಗಂಜಿ ತಂದುಕೊಟ್ಟರೆ, ತೋಟದ ಕೆಲಸಕ್ಕೆ ಮುಯ್ಯಾಳಾಗಿ ಬಂದರೆ ಸಂಕೋಚಪಡದೆ ಸ್ವೀಕರಿಸಿ. ಅಕ್ಕ ಎಣಿಸಿದ ಭಿಕ್ಷೆ ಅದೇ.

ಇನ್ನು ದೀಪದ ಮಾತು. ದೇವರ ಮುಂದೆ ನಗುಮುಖದಿಂದಲೇ ನಿಲ್ಲಬೇಕೆಂಬ ಕಟ್ಟಳೆಯೇನೂ ಇಲ್ಲ. ಸಿಟ್ಟಿದ್ದರೆ ಅದನ್ನೂ ಅವನೆದುರೇ ಹೇಳಿ. ಕೈ ಏಳದ ಸಂಜೆ ಮನೆಯ ಬೇರೆ ಯಾರಾದರೂ ದೀಪ ಹಚ್ಚಲಿ, ನೀವು ಸ್ವಲ್ಪ ಹೊತ್ತು ಅದರ ಪಕ್ಕದಲ್ಲಿ ಕುಳಿತಿರಿ, ಸಾಕು.