ಆಮ್‌ಸ್ಟರ್‌ಡ್ಯಾಮಿನ ಅಟ್ಟಗಳು ಮತ್ತು ಅಂಗಳಗಳು

ಆಮ್‌ಸ್ಟರ್‌ಡ್ಯಾಮಿನ ಪಕ್ಕದ ಆಮ್‌ಸ್ಟೆಲ್‌ವೇನಿಗೆ ಬಂದು ಮೂರು ತಿಂಗಳಾಯಿತು, ಡಾಮ್ ಚೌಕವೂ ಕಾಲುವೆಯ ದೋಣಿವಿಹಾರವೂ ಮುಗಿದವು, ಪ್ರವಾಸಿಗರ ಗುಂಪಿಗೆ ಸಿಗದ ಹಳೆಯ ಕಟ್ಟಡಗಳು ಎಲ್ಲಿವೆ ಎಂದು ಕೇಳಿದ್ದೀರಿ. ಹದಿನಾಲ್ಕು ವರ್ಷಗಳಿಂದ ಇಲ್ಲಿರುವ ನನಗೆ ತಿಳಿದುಬಂದಿರುವುದೇನೆಂದರೆ, ಈ ಊರಿನ ಚೆಂದದ ಜಾಗಗಳಲ್ಲಿ ಹಲವನ್ನು ಕಟ್ಟಿದವರೇ ಬೇಕೆಂದು ಮರೆಮಾಡಿದ್ದರು. ಏಕೆ ಮರೆಮಾಡಿದರೆಂದು ಗೊತ್ತಾದರೆ ಎಲ್ಲಿ ಹುಡುಕಬೇಕೆಂಬುದೂ ಗೊತ್ತಾಗುತ್ತದೆ.

ಮೊದಲು 'ಆನ್ಸ್ ಲೀವೆ ಹೇರ್ ಒಪ್ ಸೋಲ್ಡರ್' ನೋಡಿ. 'ಅಟ್ಟದ ಮೇಲಿನ ನಮ್ಮ ಪ್ರಭು' ಎಂದು ಆ ಹೆಸರಿನ ಅರ್ಥ. 1578ರಲ್ಲಿ ಊರಿನ ಆಡಳಿತ ಪ್ರಾಟೆಸ್ಟಂಟರ ಕೈಸೇರಿದ ಮೇಲೆ ಕ್ಯಾಥೊಲಿಕ್ಕರು ಬಹಿರಂಗವಾಗಿ ಬಲಿಪೂಜೆ ನಡೆಸುವಂತಿರಲಿಲ್ಲ. ಆದರೆ ಬೀದಿಯಿಂದ ಇಗರ್ಜಿಯೆಂದು ಗುರುತು ಸಿಗದಂತೆ ನಡೆಸಿಕೊಂಡರೆ ಅಧಿಕಾರಿಗಳು ಕಂಡೂ ಕಾಣದಂತಿರುತ್ತಿದ್ದರು. ಯಾನ್ ಹಾರ್ಟ್‌ಮನ್ ಎಂಬ ವ್ಯಾಪಾರಿ 1661ರಲ್ಲಿ ಕಾಲುವೆಯ ದಡದ ಒಂದು ಮನೆಯನ್ನೂ ಅದರ ಹಿಂದಿನ ಎರಡು ಮನೆಗಳನ್ನೂ ಕೊಂಡು, ಮೂರರ ಅಟ್ಟವನ್ನೂ ಒಂದುಮಾಡಿ, 1663ರ ಹೊತ್ತಿಗೆ ಅಲ್ಲೊಂದು ಪೂರ್ಣ ಇಗರ್ಜಿಯನ್ನೇ ಕಟ್ಟಿಸಿಬಿಟ್ಟ. ಕೆಳಗೆ ಸಾಧಾರಣ ವ್ಯಾಪಾರಿಯ ಮನೆ, ಅಡುಗೆಕೋಣೆ, ಗೋಡೆಯೊಳಗೆ ಹುದುಗಿದ ಮಂಚ. ಏಣಿಯಂಥ ಕಡಿದಾದ ಮೆಟ್ಟಿಲು ಹತ್ತಿ ತಲೆಯೆತ್ತಿದರೆ ಎರಡು ಅಂತಸ್ತಿನ ಮೊಗಸಾಲೆಗಳು, ಕಬ್ಬಿಣದ ಸರಳುಗಳಲ್ಲಿ ತೂಗಿದಂತೆ ನಿಂತಿರುತ್ತವೆ. ಜಾಗ ಉಳಿಸಲೆಂದು ಉಪದೇಶಪೀಠವನ್ನು ಬಲಿಪೀಠದ ಬದಿಯೊಳಗೆ ಮಡಚಿಡುವ ಏರ್ಪಾಡನ್ನು ನಮ್ಮೂರಿನ ಯಾವ ಬಡಗಿಯಾದರೂ ಮೆಚ್ಚಿಯಾನು. 1888ರಿಂದ ಇದು ಮ್ಯೂಸಿಯಂ. ಸುತ್ತಲಿನದು ಕೆಂಪು ದೀಪದ ಕೇರಿಯಾದ ಕಾರಣ ನಮ್ಮವರು ಹೋಗಲು ಹಿಂಜರಿಯುತ್ತಾರೆ. ಬೆಳಗಿನ ಹೊತ್ತು ಹೋದರೆ ಯಾವ ಮುಜುಗರವೂ ಇಲ್ಲ.

ಸ್ಪೌ ಚೌಕದ ಪಕ್ಕದ ಬೆಖೈನ್‌ಹೋಫ್ ಎಂಬ, ಸುತ್ತ ಮನೆಗಳಿರುವ ಹಳೆಯ ಅಂಗಳ ಈಗ ಅಷ್ಟೇನೂ ಗುಟ್ಟಾಗಿ ಉಳಿದಿಲ್ಲ. ಆದರೂ ಅಲ್ಲಿಯ 34ನೇ ಸಂಖ್ಯೆಯ ಮರದ ಮನೆಯನ್ನು ಬಿಡಬೇಡಿ. ಅದು 1528ರ ಸುಮಾರಿನದು. 15ನೇ ಶತಮಾನದ ಭಾರಿ ಬೆಂಕಿ ಅನಾಹುತಗಳ ನಂತರ ಮರದ ಮನೆಗಳಿಗೆ ನಿರ್ಬಂಧ ಬಂದದ್ದರಿಂದ ಊರಿನಲ್ಲಿ ಅಂಥವು ಉಳಿದಿರುವುದೇ ಬೆರಳೆಣಿಕೆಯಷ್ಟು. ಅಲ್ಲಿಂದ ಹತ್ತು ನಿಮಿಷದೊಳಗೆ ಸಿಂಟ್ ಲೂಸಿಯನ್ ಓಣಿಗೆ ನಡೆದು ಹೋಗಬಹುದು. ಮನೆಗಳಿಗೆ ಸಂಖ್ಯೆಯಿಲ್ಲದ ಕಾಲದಲ್ಲಿ ವಿಳಾಸ ಹೇಳಲು ಗೋಡೆಗೆ ಕೂರಿಸುತ್ತಿದ್ದ ಕೆತ್ತನೆಯ ಕಲ್ಲುಗಳನ್ನು ಆ ಓಣಿಯ ಗೋಡೆಯೊಂದರಲ್ಲಿ ಒಟ್ಟುಗೂಡಿಸಿಟ್ಟಿದ್ದಾರೆ.

ಯೋರ್ಡಾನ್ ಕೇರಿಯ ಹೋಫ್ಯೆಗಳ ಬಗ್ಗೆ ಒಂದು ಎಚ್ಚರಿಕೆಯ ಮಾತು ಹೇಳಬೇಕು. ನಡುವೆ ಅಂಗಳ, ಸುತ್ತ ಪುಟ್ಟ ಮನೆಗಳು. ನಮ್ಮ ಕಡೆಯ ತೊಟ್ಟಿಮನೆಯನ್ನು ಹಲವು ಸಂಸಾರಗಳಿಗೆ ಹಂಚಿದಂತೆ ಕಾಣುವ ಇವುಗಳಲ್ಲಿ ಹೆಚ್ಚಿನವನ್ನು ಹಿಂದೆ ಬಡ ವಿಧವೆಯರಿಗೆ, ಒಂಟಿ ಮುದುಕಿಯರಿಗೆ ಆಸರೆಯಾಗಲೆಂದು ಕಟ್ಟಿಸಿದ್ದರು. 1650ರ ಕಾರ್ಟ್‌ಹೌಸರ್‌ಹೋಫ್ ಅಂಥದೊಂದು. ಇಲ್ಲಿ ಇಂದಿಗೂ ಜನ ವಾಸವಾಗಿದ್ದಾರೆ. ನಾನು ಊರಿನಿಂದ ಬಂದ ನೆಂಟರನ್ನೆಲ್ಲ ಕಟ್ಟಿಕೊಂಡು ಒಂದು ಹೋಫ್ಯೆಗೆ ಹೋದಾಗ, ನಮ್ಮ ಕುಂದಾಪುರದ ಮಾತು ಎಂದಿನಂತೆ ತಾರಕಕ್ಕೇರಿತು; ಅಜ್ಜಿಯೊಬ್ಬರು ಕಿಟಕಿ ತೆರೆದು, ಏನೂ ಮಾತಾಡದೆ, ತುಟಿಯ ಮೇಲೆ ಬೆರಳಿಟ್ಟು ಮತ್ತೆ ಕಿಟಕಿ ಮುಚ್ಚಿದರು. ಅಂದಿನಿಂದ ಇಬ್ಬರಿಗಿಂತ ಹೆಚ್ಚು ಜನರನ್ನು ಕರೆದೊಯ್ಯುವುದಿಲ್ಲ. ಬಾಗಿಲು ತೆರೆದಿದ್ದರೆ ಒಳಗೆ ಹೋಗಿ, ಬೀಗ ಹಾಕಿದ್ದರೆ ಮರಳಿ ಬನ್ನಿ.

ಊರಿನ ಅತಿ ಚೆಲುವಾದ ಕಟ್ಟಡ ಯಾವುದೆಂದು ಕೇಳಿದರೆ ನಾನು ಅರಮನೆಯನ್ನು ಬಿಟ್ಟು ಸ್ಪಾರ್ನ್‌ಡಾಮರ್ ಬಡಾವಣೆಯ 'ಹೆಟ್ ಸ್ಖಿಪ್' ಎಂಬ ಕಾರ್ಮಿಕರ ವಸತಿಯನ್ನು ಹೆಸರಿಸುತ್ತೇನೆ. ಸ್ಖಿಪ್ ಎಂದರೆ ಹಡಗು. 1901ರ ವಸತಿ ಕಾಯ್ದೆಯ ನಂತರ ವಸತಿ ಸಂಘಗಳಿಗೆ ಸರ್ಕಾರದ ಹಣ ಸಿಗತೊಡಗಿತು. ಅಂಥದೊಂದು ಸಂಘಕ್ಕಾಗಿ ಮಿಶೆಲ್ ಡೆ ಕ್ಲೆರ್ಕ್ 102 ಮನೆಗಳ ಈ ಸಮುಚ್ಚಯವನ್ನು ರೂಪಿಸಿದರು. 1919ರಿಂದ 1921ರವರೆಗೆ ಇದರ ಕೆಲಸ ನಡೆಯಿತು. ಇಟ್ಟಿಗೆಯನ್ನು ಜೇಡಿಮಣ್ಣಿನಂತೆ ಬಾಗಿಸಿ, ಉಬ್ಬಿಸಿ, ಅಲೆಯಾಗಿಸಿದ ಆ ಗೋಡೆಗಳ ಮುಂದೆ ನಾನು ಒಂದು ಇಡೀ ಮಧ್ಯಾಹ್ನ ಕಳೆದಿದ್ದೇನೆ. ಯಾವ ಉಪಯೋಗಕ್ಕೂ ಬಾರದ ಗೋಪುರವೊಂದು ಅಲ್ಲಿದೆ, ಕೇವಲ ಚೆಂದಕ್ಕಾಗಿ. ಬಡವರ ಮನೆಗೆ ಇಷ್ಟು ಅಲಂಕಾರ ಏಕೆಂದು ಅಂದು ಆಕ್ಷೇಪಿಸಿದವರಿರಬಹುದು. ನನಗಂತೂ ಆ ಗೋಪುರವೇ ಹೆಚ್ಚು ಇಷ್ಟ. ಡೆ ಕ್ಲೆರ್ಕ್ 1923ರಲ್ಲಿ, ತಮ್ಮ 39ನೇ ಹುಟ್ಟುಹಬ್ಬದ ದಿನವೇ ತೀರಿಕೊಂಡರು. ಕಟ್ಟಡದ ಹಳೆಯ ಅಂಚೆ ಕಚೇರಿ ಈಗ ಮ್ಯೂಸಿಯಮ್ಮಿನ ಭಾಗವಾಗಿದೆ.

ಮ್ಯೂಸಿಯಂ ಕಾರ್ಡ್ ಮಾಡಿಸಿಕೊಂಡರೆ ಇದಕ್ಕೂ ಅಟ್ಟದ ಇಗರ್ಜಿಗೂ ಬೇರೆ ಟಿಕೆಟ್ ಬೇಕಿಲ್ಲ. ಸೆಪ್ಟೆಂಬರಿನ ಎರಡನೆಯ ವಾರಾಂತ್ಯದ ಸ್ಮಾರಕ ದಿನಗಳಂದು ದೇಶದಾದ್ಯಂತ ಎಷ್ಟೋ ಹಳೆಯ ಕಟ್ಟಡಗಳಿಗೆ ಉಚಿತ ಪ್ರವೇಶವಿರುತ್ತದೆ. ಆ ಎರಡು ದಿನ ಬೇರೇನೂ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ.

ಕೊನೆಯದಾಗಿ, ಔಡೆ ಹೋಖ್‌ಸ್ಟ್ರಾಟ್ ಬೀದಿಯ ಕಮಾನು ಬಾಗಿಲೊಂದನ್ನು ದಾಟಿದರೆ ಇಟ್ಟಿಗೆ ಗೋಡೆಗಳ ನಡುವೆ ಸಿಗುವ ಚೌಕಾಕಾರದ ಅಂಗಳ. 1602ರಲ್ಲಿ ಹುಟ್ಟಿದ ಡಚ್ ಈಸ್ಟ್ ಇಂಡಿಯಾ ಕಂಪನಿಯ ಕೇಂದ್ರ ಕಚೇರಿ ಇದೇ ಆಗಿತ್ತು. ನಮ್ಮ ಬಸರೂರಿನಲ್ಲಿ, ಅವರ ಬಾಯಲ್ಲಿ 'ಬಾರ್ಸೆಲೋರ್' ಆದ ಊರಿನಲ್ಲಿ, 17ನೇ ಶತಮಾನದಲ್ಲಿ ಕೋಠಿ ಇಟ್ಟು ಮೆಣಸು ಮತ್ತು ಅಕ್ಕಿ ಕೊಳ್ಳುತ್ತಿದ್ದ ಕಂಪನಿ ಇದು. ಬಸರೂರಿನಿಂದ ಕೆಲವೇ ಮೈಲಿ ದೂರದಲ್ಲಿ ಬೆಳೆದ ನಾನು ಆ ಅಂಗಳವನ್ನು ಹುಡುಕಿಕೊಂಡು ಹೋಗಲು ಆರು ವರ್ಷ ತೆಗೆದುಕೊಂಡೆ. ಈಗ ಕಟ್ಟಡ ವಿಶ್ವವಿದ್ಯಾಲಯದ ಕೈಯಲ್ಲಿದೆ, ಆದ್ದರಿಂದ ವಾರದ ದಿನದಲ್ಲಿ, ತರಗತಿಗಳು ನಡೆಯುವ ಹೊತ್ತಿನಲ್ಲಿ ಹೋಗಿ.