ರೂಬಿ ಎರರ್ ಬಾಯಿ ಮುಚ್ಚಿಸಬೇಡಿ, ಹೇಳೋಕೆ ಬಿಡಿ

ಪ್ರಶ್ನೆ: ನಮಸ್ಕಾರ ಸರ್. ಮಾಟುಂಗಾದಲ್ಲಿ ನಮ್ಮ ಮಾವನ ಹೋಟೆಲ್ ಇದೆ. ದಿನದ ಬಿಲ್ಲುಗಳ ಸಿಎಸ್‌ವಿ (ಕಾಮಾದಿಂದ ಬೇರ್ಪಡಿಸಿದ ಕಾಲಂಗಳ) ಫೈಲ್ ಓದಿ ಒಟ್ಟು ಲೆಕ್ಕ ಅವರಿಗೆ ಮೇಲ್ ಮಾಡೋಕೆ ರೂಬಿ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸ್ಕ್ರಿಪ್ಟ್ ಬರೆದಿದ್ದೇನೆ. ಅದು ನಡುವೆ ನಿಂತುಹೋಗುತ್ತಿತ್ತು. ಅದಕ್ಕೆ ಲೂಪಿನೊಳಗೆ ಎಲ್ಲ ಎರರನ್ನೂ ಹಿಡಿಯುವ ‘ರೆಸ್ಕ್ಯೂ ಎಕ್ಸೆಪ್ಶನ್’ ಹಾಕಿ ‘ಏನೋ ತಪ್ಪಾಗಿದೆ’ ಅಂತ ಪ್ರಿಂಟ್ ಮಾಡಿಸಿದೆ. ಈಗ ಲಾಗ್ ತುಂಬ ಅದೊಂದೇ ಸಾಲು. ಕಂಟ್ರೋಲ್-ಸಿ ಒತ್ತಿದರೂ ನಿಲ್ಲುವುದಿಲ್ಲ! ಏನು ಮಾಡಲಿ?
ಓದುಗರು, ಡೊಂಬಿವಲಿ

ಉತ್ತರ: ಮೊದಲು ‘ಎಕ್ಸೆಪ್ಶನ್’ ಅನ್ನೋ ಹೆಸರು ತೆಗೆಯಿರಿ. ಕಂಟ್ರೋಲ್-ಸಿ ಒತ್ತಿದಾಗ ಬರುವ ‘ಇಂಟರಪ್ಟ್’, ‘ಎಕ್ಸಿಟ್’ ಕರೆದಾಗ ಬರುವ ‘ಸಿಸ್ಟಮ್‌ಎಕ್ಸಿಟ್’ ಎರಡೂ ಅದರ ಮಕ್ಕಳೇ, ಹಾಗಾಗಿ ನಿಮ್ಮ ಲೂಪ್ ಅವನ್ನೂ ಹಿಡಿದು ಮುಂದಿನ ಸಾಲಿಗೆ ಹೋಗಿಬಿಡುತ್ತದೆ. ಹೆಸರಿಲ್ಲದ ರೆಸ್ಕ್ಯೂ ‘ಸ್ಟ್ಯಾಂಡರ್ಡ್‌ಎರರ್’ (ಮಾಮೂಲಿ ಎರರ್‌ಗಳ ಗುಂಪು) ಮತ್ತು ಅದರ ಕೆಳಗಿನವನ್ನಷ್ಟೇ ಹಿಡಿಯುತ್ತದೆ. ಅದೂ ನಿಮಗೆ ಜಾಸ್ತಿಯೇ.

ಹಿಡಿದ ಎರರನ್ನು ಒಂದು ವೇರಿಯಬಲ್‌ಗೆ ಹಾಕಿಕೊಳ್ಳಿ. ಅದರ ‘ಮೆಸೇಜ್’ ಒಂದೇ ಬರೆದರೆ ಸಾಲದು, ‘ಕ್ಲಾಸ್’ (ಎರರಿನ ಬಗೆ), ‘ಬ್ಯಾಕ್‌ಟ್ರೇಸ್’ (ಕೋಡಿನ ಯಾವ ಸಾಲಿನಿಂದ ಬಂತು ಅನ್ನೋ ಪಟ್ಟಿ) ಕೂಡ ಬೇಕು. ರೂಬಿ 2.5ರಿಂದ ‘ಫುಲ್_ಮೆಸೇಜ್’ ಇದೆ, ಮೂರನ್ನೂ ಒಟ್ಟಿಗೆ ಕೊಡುತ್ತದೆ. ಜೊತೆಗೆ ಸಿಎಸ್‌ವಿಯ ಸಾಲಿನ ನಂಬರ್ ಬರೆಯಿರಿ, ಅದನ್ನು ರೂಬಿ ತಾನಾಗಿ ಹೇಳುವುದಿಲ್ಲ.

ನನಗೆ ಇದಕ್ಕಿಂತ ಜಾಸ್ತಿ ಭಯ ಇರೋದು ಬರದೇ ಇರುವ ಎರರ್ ಬಗ್ಗೆ. ಬಿಲ್ ಮೊತ್ತವನ್ನು ‘ಟು_ಐ’ಯಿಂದ ಅಂಕಿ ಮಾಡುತ್ತಿದ್ದೀರಾ? ಹಾಗಿದ್ದರೆ ‘1,250’ ಅನ್ನೋದು ಕಾಮಾದ ಹತ್ತಿರ ನಿಂತು ಬರೀ 1 ಆಗುತ್ತದೆ, ಖಾಲಿ ಕಾಲಂ 0 ಆಗುತ್ತದೆ, ಯಾವ ಎರರೂ ಇಲ್ಲ, ಮಾವನಿಗೆ ಮಾತ್ರ ತಪ್ಪು ಲೆಕ್ಕ ಹೋಗುತ್ತದೆ. ಖಾಲಿ ಕಾಲಂ ‘ನಿಲ್’ (ಏನೂ ಇಲ್ಲ) ಆಗಿ ಬರಬಹುದು, ಹಾಗಾಗಿ ಮೊದಲು ‘ಟು_ಎಸ್’ನಿಂದ ಪಠ್ಯ ಮಾಡಿ, ಕಾಮಾ ತೆಗೆದು ‘ಇಂಟಿಜರ್’ ಮೆಥಡ್‌ಗೆ ಕೊಡಿ. ಅಂಕಿ ಅಲ್ಲದ್ದು ಬಂದರೆ ಅದು ‘ಆರ್ಗ್ಯುಮೆಂಟ್‌ಎರರ್’ ಎಸೆದು, ಯಾವ ಪಠ್ಯ ನೋಡಿ ಮುಗ್ಗರಿಸಿತು ಅಂತ ಮೆಸೇಜ್‌ನಲ್ಲೇ ತೋರಿಸುತ್ತದೆ. ಸೊನ್ನೆಯಿಂದ ಶುರುವಾಗುವ ಅಂಕಿಗಳಿದ್ದರೆ ಎರಡನೇ ಆರ್ಗ್ಯುಮೆಂಟ್ ಆಗಿ 10 ಕೊಡಿ, ಇಲ್ಲದಿದ್ದರೆ ‘010’ ಅನ್ನು ಆಕ್ಟಲ್ (ಎಂಟರ ಆಧಾರದ ಸಂಖ್ಯೆ) ಅಂತ ತಿಳಿದು 8 ಮಾಡುತ್ತದೆ.

ಲೂಪಿನೊಳಗೆ ಹಿಡಿಯಬೇಕಾದ್ದು ಆ ಆರ್ಗ್ಯುಮೆಂಟ್‌ಎರರ್ ಒಂದನ್ನೇ. ಕೆಟ್ಟ ಸಾಲುಗಳನ್ನು ಒಂದು ಅರೇಗೆ (ಪಟ್ಟಿಗೆ) ಸೇರಿಸಿ, ಮೇಲ್‌ನಲ್ಲಿ ಒಟ್ಟು ಮೊತ್ತಕ್ಕಿಂತ ಮೇಲೆ ತೋರಿಸಿ. ಫೈಲೇ ಇಲ್ಲ, ಅಥವಾ ಕೋಟ್ ಮುಚ್ಚದೆ ಸಿಎಸ್‌ವಿ ಕೆಟ್ಟಿದೆ ಅಂದರೆ ಸ್ಕ್ರಿಪ್ಟ್ ನಿಲ್ಲಲಿ ಬಿಡಿ. ಅರ್ಧ ಲೆಕ್ಕ ಕಳಿಸಿ ಏನು ಪ್ರಯೋಜನ, ಅಲ್ವಾ? ಲಾಗ್‌ಗೆ ಬರೆಯಲೇಬೇಕು ಅಂದರೆ ಎಲ್ಲಕ್ಕಿಂತ ಹೊರಗೆ ಒಂದು ರೆಸ್ಕ್ಯೂ ಇಡಿ, ಬರೆದಾದ ಮೇಲೆ ಬರೀ ‘ರೇಸ್’ ಅನ್ನಿ, ಅದೇ ಎರರ್ ಮುಂದಕ್ಕೆ ಹೋಗುತ್ತದೆ.

ಇನ್ನೊಂದು. ಮೇಲ್ ಕಳಿಸೋಕೆ ಬ್ಯಾಕ್‌ಟಿಕ್‌ನಲ್ಲಿ (` ಚಿಹ್ನೆಗಳ ನಡುವೆ) ಹೊರಗಿನ ಕಮಾಂಡ್ ಓಡಿಸುತ್ತಿದ್ದರೆ, ಆ ಕಮಾಂಡ್ ಫೇಲ್ ಆದರೂ ರೆಸ್ಕ್ಯೂಗೆ ಗೊತ್ತಾಗುವುದಿಲ್ಲ. ‘ಓಪನ್3’ ಲೈಬ್ರರಿಯ ‘ಕ್ಯಾಪ್ಚರ್3’ ಬಳಸಿ. ಔಟ್‌ಪುಟ್, ಎರರ್ ಮೆಸೇಜ್, ಸ್ಟೇಟಸ್ ಮೂರೂ ಬೇರೆ ಬೇರೆಯಾಗಿ ಕೈಗೆ ಸಿಗುತ್ತವೆ.